ಓಗೊಡದ ಕೋಶಗಳು

ಮೊದಲಿಗೆ ನೀಲಾಂಬಿಕಾ ಯಂತ್ರವೇ ಕೆಟ್ಟಿದೆ ಎಂದುಕೊಂಡಳು. ಹಾರ್ಮೋನು ಅಳೆಯುವ ಆ ಯಂತ್ರ ಹಳೆಯದು. ಬೇಸಿಗೆಯಲ್ಲಿ ಕೋಣೆ ತುಸು ಬಿಸಿಯಾದರೂ ಸಾಕು, ತಪ್ಪು ಅಂಕಿ ಕೊಡುತ್ತಿತ್ತು. ಆದರೆ ಇದು ಡಿಸೆಂಬರ್ ತಿಂಗಳು. ಹುಬ್ಬಳ್ಳಿಯಲ್ಲಿ ಮುಂಜಾನೆ ಹತ್ತಾದರೂ ಜನ ಸ್ವೆಟರ್ ತೆಗೆದಿರಲಿಲ್ಲ. ಪರದೆಯ ಮೇಲೆ ನಲವತ್ತು ತಟ್ಟೆಗಳ ಫಲಿತಾಂಶ ಸಾಲಾಗಿ ಮೂಡಿತ್ತು. ಒಂಬತ್ತು ತಟ್ಟೆಗಳ ಮುಂದೆ ಎಂದಿನ ಅಂಕಿಗಳು. ಉಳಿದ ಮೂವತ್ತೊಂದರ ಮುಂದೆ ಸೊನ್ನೆ, ಇಲ್ಲವೇ ಸೊನ್ನೆಗಿಂತ ಕೂದಲೆಳೆಯಷ್ಟು ಹೆಚ್ಚು.

ಯಂತ್ರವನ್ನು ತೊಳೆದು, ಹೊಸ ದ್ರಾವಣ ಕಲಸಿ, ಹಿಂದಿನ ವಾರವಷ್ಟೇ ತೆಗೆದಿದ್ದ ತಾಜಾ ಕೋಶಗಳನ್ನು ಪರೀಕ್ಷೆಗೆ ಇಟ್ಟಳು. ಅವು ಚೆನ್ನಾಗಿಯೇ ಉತ್ತರ ಕೊಟ್ಟವು. ಮತ್ತೆ ಆ ನಲವತ್ತನ್ನು ಇಟ್ಟಳು. ಅದೇ ಮೂವತ್ತೊಂದು ಮತ್ತೆ ಸುಮ್ಮನಿದ್ದವು. ಮೂರು ದಿನ ಇದನ್ನೇ ಮಾಡಿದಳು. ಇನ್ನು ಯಂತ್ರವನ್ನು ದೂರುವ ಹಾಗಿಲ್ಲ ಎಂದು ಖಾತ್ರಿಯಾದಾಗ ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಹದಿನೇಳು ಅವಳ ತಂಗಿ ದಾನೇಶ್ವರಿಯ ತಟ್ಟೆ.

ಹೆಣ್ಣಿನ ಅಂಡಾಶಯದಲ್ಲಿ ಪ್ರತಿಯೊಂದು ಅಂಡವನ್ನೂ ಸುತ್ತುವರಿದು ಸಣ್ಣ ಕೋಶಗಳ ಒಂದು ಗುಂಪು ಇರುತ್ತದೆ. ಮಿದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಗ್ರಂಥಿಯೊಂದು ತಿಂಗಳು ತಿಂಗಳೂ ರಕ್ತದ ಮೂಲಕ ಅವುಗಳನ್ನು ಕರೆಯುತ್ತದೆ. ಕರೆ ಕೇಳಿದ ಕೋಶಗಳು ಈಸ್ಟ್ರೋಜನ್ ತಯಾರಿಸುತ್ತವೆ. ಅಂಡ ಬಲಿಯುತ್ತದೆ, ಗರ್ಭಕೋಶದ ಒಳಪದರ ಹದಗೊಳ್ಳುತ್ತದೆ. ಮಕ್ಕಳಾಗದವರಿಗೆ ಹಿಂದೆ ಕೊಡುತ್ತಿದ್ದ ಚಿಕಿತ್ಸೆಯಲ್ಲಿ ಈ ಕರೆಯನ್ನೇ ಸೂಜಿಮದ್ದಾಗಿ ದಿನಾ ಹೊಟ್ಟೆಗೆ ಚುಚ್ಚುತ್ತಿದ್ದರು. ಹತ್ತು ದಿನ, ಹನ್ನೆರಡು ದಿನ. ಮೈ ಊದುತ್ತಿತ್ತು, ಎಷ್ಟೋ ಸಲ ಫಲವೂ ಸಿಗುತ್ತಿರಲಿಲ್ಲ. ಡಾಕ್ಟರ್ ಪ್ರಭುಲಿಂಗ ಮುನವಳ್ಳಿ ಇದನ್ನು ಬೇರೆ ಥರ ಯೋಚಿಸಿದರು. ಕರೆಯನ್ನು ಜೋರು ಮಾಡುವ ಬದಲು ಕೋಶದ ಕಿವಿಯನ್ನೇ ಚುರುಕು ಮಾಡಿದರೆ? ಇಪ್ಪತ್ತು ವರ್ಷದ ದುಡಿಮೆಯ ಕೊನೆಗೆ ಅವರು ಕಂಡುಹಿಡಿದ ಔಷಧಕ್ಕೆ ಕಾಗದದ ಮೇಲೆ ಎಂ-೧೯ ಎಂದು ಹೆಸರು. ಜನರ ಬಾಯಲ್ಲಿ ಅದು 'ಒಂದ ಸೂಜಿ'. ಒಂದೇ ಸಲ ಚುಚ್ಚಿದರೆ ಸಾಕು, ಮಿದುಳಿನ ಮೆಲುದನಿಗೂ ಕೋಶಗಳು ಎದ್ದು ಕೂತು ಕೆಲಸ ಮಾಡುತ್ತಿದ್ದವು. ನೂರಕ್ಕೆ ಅರವತ್ತು ಜನರಿಗೆ ಮೊದಲ ಸಲಕ್ಕೇ ಬಸಿರು ನಿಲ್ಲುತ್ತಿತ್ತು. ಧಾರವಾಡದ ರಸ್ತೆಯಲ್ಲಿದ್ದ ಅವರ ಸಿರಿವಂತಿ ಸಂತಾನ ಕೇಂದ್ರಕ್ಕೆ ರಾಯಚೂರು, ಬೀದರದಿಂದಲೂ ದಂಪತಿಗಳು ಬರುತ್ತಿದ್ದರು. ಮೂರು ವರ್ಷದಲ್ಲಿ ಹನ್ನೊಂದು ಸಾವಿರ ಹೆಣ್ಣುಮಕ್ಕಳು ಸೂಜಿ ತೆಗೆದುಕೊಂಡಿದ್ದರು.

ಔಷಧದ ಗುಣ ನಲವತ್ತು ದಿನಕ್ಕೆ ಇಳಿದುಹೋಗುತ್ತದೆ, ಕೋಶಗಳು ಮೊದಲಿನಂತಾಗುತ್ತವೆ ಎಂಬುದು ಪರೀಕ್ಷೆಯಲ್ಲಿ ಸಿದ್ಧವಾಗಿತ್ತು. ತಟ್ಟೆಯಲ್ಲಿ ತೊಂಬತ್ತು ದಿನ ನೋಡಿದ್ದರು. ಅದಕ್ಕಿಂತ ಹೆಚ್ಚು ದಿನ ನೋಡುವ ಪದ್ಧತಿ ಎಲ್ಲಿಯೂ ಇರಲಿಲ್ಲ, ಕೋಶಗಳು ಅಷ್ಟು ದಿನ ಬದುಕುತ್ತಲೂ ಇರಲಿಲ್ಲ. ಅವುಗಳನ್ನು ಬದುಕಿಸುವ ಉಪಾಯ ಗೊತ್ತಿದ್ದವಳು ಕೇಂದ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ನೀಲಾಂಬಿಕಾ ಒಬ್ಬಳೇ. ಸಾಬೂದಾಣಿ ಕಾಳಿನಂಥ ಮೆತ್ತನೆಯ ಮಣಿಯೊಳಗೆ ಕೋಶಗಳನ್ನು ಕೂಡಿಸಿ, ದಿನ ಬಿಟ್ಟು ದಿನ ಆಹಾರ ಬದಲಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳುವುದನ್ನು ಅವಳು ಕಂಡುಕೊಂಡಿದ್ದಳು. ಆದರೂ ಸೂಜಿ ತೆಗೆದುಕೊಂಡ ಮೊದಲ ತಂಡದ ನಲವತ್ತು ಹೆಣ್ಣುಮಕ್ಕಳ ಕೋಶಗಳಿದ್ದ ಈ ತಟ್ಟೆಗಳನ್ನು ಅವಳು ಉಳಿಸಿಕೊಂಡಿದ್ದು ವಿಜ್ಞಾನಕ್ಕಾಗಿ ಆಗಿರಲಿಲ್ಲ. ದಾನೇಶ್ವರಿಗೆ ಆ ಸೂಜಿಯಿಂದ ನಿಂತ ಬಸಿರು ಐದನೆಯ ತಿಂಗಳಲ್ಲಿ ಹೋಯಿತು. ಅದೇ ವಾರ ಹಳೆಯ ತಟ್ಟೆಗಳನ್ನು ಚೆಲ್ಲಬೇಕಾಗಿತ್ತು. ಹದಿನೇಳನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಒಂದನ್ನೇ ಇಟ್ಟುಕೊಂಡರೆ ಡಾಕ್ಟರಿಗೆ ಕಾರಣ ಹೇಳಬೇಕಾದೀತೆಂದು ನಲವತ್ತನ್ನೂ ಇಟ್ಟುಕೊಂಡು, 'ದೀರ್ಘಕಾಲದ ಪ್ರಯೋಗ' ಎಂದು ಚೀಟಿ ಅಂಟಿಸಿದ್ದಳು. ಆರು ತಿಂಗಳಿಗೊಮ್ಮೆ ಅವಕ್ಕೆ ಮಿದುಳಿನ ಹಾರ್ಮೋನು ಹನಿಸಿ ಉತ್ತರ ನೋಡುತ್ತಿದ್ದಳು. ಜೂನ್ ತಿಂಗಳವರೆಗೂ ಅವು ಉತ್ತರ ಕೊಟ್ಟಿದ್ದವು.

ಶನಿವಾರ ಮಧ್ಯಾಹ್ನ ಅವಳು ಹಳೇ ಹುಬ್ಬಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ದಾನೇಶ್ವರಿ ಮೂವತ್ತೊಂದು ವರ್ಷದವಳು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಗಂಡ ವೀರೇಶ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಬಾಗಿಲು ತೆಗೆದವಳು ಅತ್ತೆ ರತ್ನವ್ವ. ಮುಖದಲ್ಲಿ ಏನೋ ಒಂದು ಬಗೆಯ ಹೊಳಪಿತ್ತು.

"ಬಾ ನೀಲವ್ವ. ಸರಿಯಾದ ಹೊತ್ತಿಗೆ ಬಂದಿ ನೋಡು. ಗೋದಿ ಹುಗ್ಗಿ ಮಾಡೀನಿ. ದಾನು ಒಳಗ ಅದಾಳ."

ಒಳಕೋಣೆಯಲ್ಲಿ ದಾನೇಶ್ವರಿ ಫ್ಯಾನಿನ ಕೆಳಗೆ ಕೂತಿದ್ದಳು. ಆ ಚಳಿಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕುತ್ತಿಗೆ, ಕಿವಿಯ ಹಿಂದೆಲ್ಲ ಬೆವರು. ಸೆರಗಿನಿಂದ ಒರೆಸಿಕೊಳ್ಳುತ್ತ ಅಕ್ಕನನ್ನು ಕಂಡು ನಕ್ಕಳು.

"ಏನ ಈ ಥಂಡ್ಯಾಗ ಫ್ಯಾನ್ ಹಚ್ಚೀದಿ?" ಎಂದಳು ನೀಲಾಂಬಿಕಾ.

"ಸುಮ್ಮಸುಮ್ಮನ ಮೈಯೆಲ್ಲ ಧಗ್ ಅಂತೈತಿ ಅಕ್ಕಾ. ನಿನ್ನೆ ಬಸ್ಸಿನ್ಯಾಗ ಟಿಕೆಟ್ ಹರಿಯೂ ಮುಂದ ಹಂಗ ಆತು. ಎರಡು ನಿಮಿಷ, ಆಮ್ಯಾಲ ಚಳಿ." ಅವಳು ಎದ್ದು ಬಾಗಿಲು ಮುಂದೂಡಿ, ಅಕ್ಕನ ಪಕ್ಕದಲ್ಲಿ ಬಂದು ಕೂತು ದನಿ ತಗ್ಗಿಸಿದಳು. "ಎರಡ ತಿಂಗಳಾತು ನಂದು ನಿಂತು. ಅತ್ತಿಗೆ ಅಷ್ಟ ಹೇಳೀನಿ. ಸೂಜಿ ಇಲ್ಲದನ ಆಗೇತಿ ಅಕ್ಕಾ! ನೀ ತಗೋ ಅಂದಿದ್ದ ಎರಡನೇ ಸೂಜಿ ಇನ್ನ ಬೇಕಾಗೂದಿಲ್ಲ ಅನಸ್ತೈತಿ."

ನೀಲಾಂಬಿಕಾ ಕೇಳಿದಳು, "ಬಸಿರಿನ ಪಟ್ಟಿ ತಂದು ನೋಡಿದ್ಯಾ?"

"ನೋಡಿಲ್ಲ. ಹೋದ ಸಲ ಲಗೂನ ನೋಡಿ ಊರಿಗೆಲ್ಲ ಹೇಳಿದ್ವಿ. ಈ ಸಲ ಮೂರು ತುಂಬಲಿ ಅಂತ ಅತ್ತಿ ಅಂದ್ರು."

ಎರಡು ತಿಂಗಳು ಮುಟ್ಟು ನಿಂತಿರುವುದು, ಮೈ ಧಗಧಗಿಸುವುದು. ಐವತ್ತರ ಹೆಂಗಸೊಬ್ಬಳು ಈ ಎರಡು ಮಾತು ಹೇಳಿದ್ದರೆ ಕೇಂದ್ರದ ಆಯಾ ಕೂಡ ಇದೇನೆಂದು ಹೇಳಿಬಿಡುತ್ತಿದ್ದಳು. ಮೂವತ್ತೊಂದರವಳು ಹೇಳಿದರೆ ಯಾರಿಗೂ ಹೊಳೆಯುವುದಿಲ್ಲ. ನೀಲಾಂಬಿಕಾ, "ಸ್ವಲ್ಪ ರಕ್ತ ತಗೋತೀನಿ, ಕಬ್ಬಿಣಾಂಶ ಕಡಿಮಿ ಐತೇನ ನೋಡೂಣು" ಎಂದು ಚೀಲದಿಂದ ಸಿರಿಂಜು ತೆಗೆದಳು. ದಾನೇಶ್ವರಿ ಕೇಳದೆಯೇ ತೋಳು ಚಾಚಿದಳು. ಅಕ್ಕನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಊಟಕ್ಕೆ ಕೂತಾಗ ರತ್ನವ್ವ ಬೀಗಿತಿಯ ತಟ್ಟೆಗೆ ಎರಡು ಸಲ ತುಪ್ಪ ಹಾಕಿದಳು. ನೀಲಾಂಬಿಕಾ ತಲೆ ತಗ್ಗಿಸಿ ಉಂಡಳು.

ಸೋಮವಾರ ರಕ್ತದ ವರದಿ ಬಂತು. ಬಸಿರಿನ ಹಾರ್ಮೋನು ಇಲ್ಲ. ಈಸ್ಟ್ರೋಜನ್ ತಳ ಕಂಡಿತ್ತು. ಅಂಡಾಶಯವನ್ನು ಕರೆಯುವ ಮಿದುಳಿನ ಹಾರ್ಮೋನು ಮಾತ್ರ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಮೇಲೇರಿತ್ತು. ಮಿದುಳು ಕರೆಯುತ್ತಲೇ ಇತ್ತು, ಉತ್ತರ ಬರದೆ ಇನ್ನೂ ಜೋರಾಗಿ ಕರೆಯುತ್ತಿತ್ತು. ಅಂಡಾಶಯದಲ್ಲಿ ಓಗೊಡುವವರು ಯಾರೂ ಉಳಿದಿರಲಿಲ್ಲ.

ಅವಳು ಎರಡು ಕಾಗದಗಳನ್ನು ತೆಗೆದುಕೊಂಡು ಡಾಕ್ಟರ್ ಮುನವಳ್ಳಿಯವರ ಕೋಣೆಗೆ ಹೋದಳು. ಅರವತ್ತೈದರ ಮುನವಳ್ಳಿ ಮಿತಭಾಷಿ. ತಟ್ಟೆಗಳ ವರದಿಯನ್ನು ಮೂರು ಸಲ ಓದಿದರು.

"ಮೊದಲ ಚುರುಕಾದ ಕಿವಿ, ಆಮ್ಯಾಲ ಕಿವುಡಾತು ಅಂತೀರಿ," ಎಂದರು.

"ಹೌದ್ರಿ ಸರ್. ಕೋಶದ ಮೈಮ್ಯಾಲಿನ, ಕರೆ ಕೇಳೂ ಗ್ರಾಹಕಗಳು ಒಂದೊಂದ ಒಳಗ ಸರದಾವ. ಹೊಸಾವು ಬೆಳಿಯೂದಿಲ್ಲ. ಬೆಳಸೂ ಜೀನನ್ನ ಕೋಶ ತಾನ ಮುಚ್ಚಿಬಿಟ್ಟೈತಿ. ಒಂದ ಸಲ ಅತೀ ಜೋರು ಕೇಳಿದ್ದಕ್ಕ ಮೂರು ವರ್ಷ ನಿಧಾನಕ್ಕ ಬಾಗಿಲಾ ಹಾಕ್ಕೊಂಡಾವ."

"ಮಣಿಯೊಳಗಿನ ಕೋಶ ಬ್ಯಾರೆ, ಮೈಯೊಳಗಿನ ಕೋಶ ಬ್ಯಾರೆ. ನಿಮ್ಮ ಮಣಿಯ ದೋಷ ಆಗಿರಬಹುದು."

"ಆಗಿರಬಹುದ್ರಿ." ಅವಳು ಎರಡನೆಯ ಕಾಗದವನ್ನು ಮುಂದೆ ಸರಿಸಿದಳು. "ಇದು ಮೈಯೊಳಗಿಂದು."

ಅವರು ಅದನ್ನು ನೋಡಿದರು. ಪೆನ್ನು ತೆಗೆದು ಕಾಗದದ ಹಿಂಬದಿಯಲ್ಲಿ ಏನೋ ಗುಣಿಸತೊಡಗಿದರು, ಅರ್ಧಕ್ಕೆ ನಿಲ್ಲಿಸಿದರು. "ಯಾರದಿದು?"

"ನನ್ನ ತಂಗಿದು. ಮೊದಲ ತಂಡ, ಹದಿನೇಳನೇ ನಂಬರು."

"ಮೂರು ವಾರ ಕೊಡ್ರಿ ನನಗ. ನಲವತ್ತೂ ಮಂದಿ ರಕ್ತ ತರಸೂಣು. ಒಬ್ಬಾಕಿ ವರದಿ ಹಿಡಕೊಂಡು ಇಷ್ಟು ದೊಡ್ಡ ಕೆಲಸಾ ನಿಲ್ಲಸಾಕ ಬರೂದಿಲ್ಲ. ಮಕ್ಕಳಾಗಬೇಕಾದವ್ರಿಗೆ ಆಗದಂಗ ಮಾಡಿದ ಪಾಪಾನೂ ನಮ್ಮ ಮ್ಯಾಲನ ಬರತೈತಿ."

"ಮೂರು ವಾರದಾಗ ಇನ್ನೂ ಮುನ್ನೂರ ಮಂದಿ ಸೂಜಿ ತಗೋತಾರ ಸರ್. ಅದರಾಗ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗ್ಯಾರ ಇರ್ತಾರ. ಮೂರು ವರ್ಷದೊಳಗ ನಿಲ್ಲಲಿಲ್ಲಂದ್ರ ಅವ್ರಿಗೆ ಮುಂದ ತಮ್ಮ ಅಂಡದಿಂದ ಕೂಸಾಗೂ ಯಾವ ದಾರೀನೂ ಇಲ್ಲ. ಹಳೇ ಚಿಕಿತ್ಸಾನೂ ಹತ್ತೂದಿಲ್ಲ, ತಾನಾಗೇನೂ ಆಗೂದಿಲ್ಲ. ಮೂವತ್ತಕ್ಕ ಮುಪ್ಪು."

ಮುನವಳ್ಳಿ ಕಿಟಕಿಯ ಕಡೆ ತಿರುಗಿದರು. ಅವಳಿಗೆ ಹೇಳುವಂತೆಯೂ ಅಲ್ಲದೆ, "ನನ್ನ ಸೊಸಿಗೂ ನಾನ ಕೈಯಾರೆ ಚುಚ್ಚೀನಿ," ಎಂದರು. ಆಮೇಲೆ ಫೋನೆತ್ತಿ ಔಷಧದ ಕೋಣೆಯವರಿಗೆ ಇವತ್ತಿನಿಂದ ಎಂ-೧೯ ಕೊಡಬೇಡಿ ಎಂದು ಹೇಳಿದರು. ಫೋನಿಟ್ಟು ಕೇಳಿದರು, "ನಾಳೆ ಹಾಲ್‌ನ್ಯಾಗ ಕುಂತವ್ರಿಗೆ ಯಾರು ಹೇಳ್ತಾರ?"

"ನಾ ಹೇಳ್ತೀನ್ರಿ."

ಮಂಗಳವಾರ ಕಾಯುವ ಕೋಣೆಯಲ್ಲಿ ಇಪ್ಪತ್ತಾರು ಹೆಣ್ಣುಮಕ್ಕಳಿದ್ದರು. ಜೊತೆಗೆ ಗಂಡಂದಿರು, ಅತ್ತೆಯರು, ಊಟದ ಡಬ್ಬಿಗಳು. ನೀಲಾಂಬಿಕಾ ಬರೆದುಕೊಂಡಿದ್ದನ್ನು ಓದಲು ಶುರುಮಾಡಿ, ಎರಡು ಸಾಲಿಗೇ ಕಾಗದ ಮಡಚಿಟ್ಟು, ತಿಳಿಯುವ ಹಾಗೆ ಹೇಳಿದಳು. ಸೂಜಿ ತೆಗೆದುಕೊಂಡ ಮೂರು ವರ್ಷದ ಹೊತ್ತಿಗೆ ಹೆಚ್ಚಿನವರ ಅಂಡಾಶಯ ಪೂರಾ ನಿಂತುಹೋಗುವಂತೆ ಕಾಣುತ್ತದೆ, ಮುಟ್ಟು ನಿಲ್ಲುತ್ತದೆ, ಮತ್ತೆ ಬಸಿರಾಗುವುದಿಲ್ಲ, ಎಲುಬು ಬೇಗ ಸವೆಯುತ್ತದೆ, ಆದ್ದರಿಂದ ಸೂಜಿಯನ್ನು ನಿಲ್ಲಿಸಿದ್ದೇವೆ ಎಂದಳು.

ಒಮ್ಮೆಗೇ ಎಲ್ಲರೂ ಮಾತಾಡಿದರು. ಅವಳು ಅಂದುಕೊಂಡಿದ್ದಂತೆ ಯಾರೂ ಸದ್ಯ ಪಾರಾದೆವು ಎನ್ನಲಿಲ್ಲ. ನರಗುಂದದಿಂದ ಬಂದಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಚನ್ನಬಸವ್ವ ಎಂದು ಹೆಸರು, ನಲವತ್ತೊಂದು ವಯಸ್ಸು.

"ಮೂರು ವರ್ಷದ ಮ್ಯಾಲ ನಿಲ್ತೈತಿ ಅಂದ್ರಿ. ನನಗ ಈಗ ನಲವತ್ತೊಂದು. ಸೂಜಿ ಇಲ್ಲಂದ್ರೂ ಮೂರು ವರ್ಷಕ್ಕ ನಿಲ್ಲೂದ. ನನಗ್ಯಾಕ ಬ್ಯಾಡ ಅಂತೀರಿ?"

ಲೆಕ್ಕಕ್ಕೆ ಆಕೆಯ ಮಾತು ಸರಿಯೇ ಇತ್ತು. "ಇನ್ನೇನೇನು ಆಗತೈತೋ ನಮಗ ಗೊತ್ತಿಲ್ಲರಿ ಅವ್ವಾರ" ಎಂದಳು ನೀಲಾಂಬಿಕಾ.

"ಗೊತ್ತಿಲ್ಲದ ಈಟ ಮಂದಿಗೆ ಕೊಟ್ರಿ. ಗೊತ್ತಾದ ಮ್ಯಾಲ, ಗೊತ್ತಿದ್ದೂ ಕೇಳಾಕತ್ತಾಕಿಗೆ ಒಲ್ಲೆ ಅಂತೀರಿ," ಎಂದಳು ಚನ್ನಬಸವ್ವ. ಕೂಗಾಡಲಿಲ್ಲ. ಅಲ್ಲೇ ಕೂತಳು. ಸಂಜೆ ಕೇಂದ್ರದ ಬಾಗಿಲು ಹಾಕುವವರೆಗೂ ಕೂತಿದ್ದು, ಗಂಡನ ಕೈಯಿಂದ ಚೀಲ ಇಸಕೊಂಡು ಎದ್ದು ಹೋದಳು.

ಆದರೆ ಆ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ ನೀಲಾಂಬಿಕಾ ನೋಡಿದ್ದು ಚನ್ನಬಸವ್ವನ ಹಿಂದೆ ಬಾಗಿಲ ಬಳಿ ನಿಂತಿದ್ದವಳನ್ನು. ಖಾಕಿ ಅಂಗಿ ತೊಟ್ಟು, ಹೆಗಲಿಗೆ ಟಿಕೆಟ್ ಯಂತ್ರದ ಚೀಲ ಹಾಕಿಕೊಂಡು ದಾನೇಶ್ವರಿ ನಿಂತಿದ್ದಳು. ಡ್ಯೂಟಿಯ ನಡುವಿನ ಬಿಡುವಿನಲ್ಲಿ ರಕ್ತದ ವರದಿ ಕೇಳಿಕೊಂಡು ಹೋಗಲು ಬಂದಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿದಳೋ ಗೊತ್ತಿರಲಿಲ್ಲ. ಮುಖ ನೋಡಿದರೆ ಎಲ್ಲವನ್ನೂ ಕೇಳಿದಂತಿತ್ತು.

ನೀಲಾಂಬಿಕಾ ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಕುರ್ಚಿ ಎಳೆದಳು. ದಾನೇಶ್ವರಿ ಕೂರಲಿಲ್ಲ.

"ನನ್ನ ರಿಪೋರ್ಟು ಬಂತೇನು?"

"ಬಂತು. ನಿನ್ನೆ."

"ನಿನ್ನೆ ಬಂದಿದ್ದು ಇವತ್ತ ಮಂದಿಯೊಳಗ ನಿಂತು ಕೇಳಬೇಕಾತು ನಾನು." ಅವಳ ದನಿ ಏರಲಿಲ್ಲ. "ನಮ್ಮತ್ತಿ ಮುಂಜಾನಿ ಅಟ್ಟದ ಮ್ಯಾಲಿಂದ ತೊಟ್ಟಲಾ ಇಳಿಸಿ ಒರಸಿ ಇಟ್ಟಾರ. ನಾ ಬರೂ ಮುಂದ ಅದರ ಹಗ್ಗ ತೊಳದು ಬಿಸಲಿಗೆ ಹಾಕಾಕತ್ತಿದ್ರು."

"ದಾನು..."

"ನಾ ಹಳೇ ಸೂಜೀನ ಇರಲಿ ಅಂದಿದ್ದೆ. ಹನ್ನೆರಡ ದಿನ ಚುಚ್ಚಿಸಿಕೊಂಡ್ರ ಏನಾತು ಅಂದಿದ್ದೆ. ನೆನಪೈತೇನು? ನೀನ ಅಂದಿ, ಬ್ಯಾಡ, ನಮ್ಮ ಸೂಜಿ ಛಲೋ ಐತಿ, ನಾ ದಿನಾ ನೋಡ್ತೀನಿ ಅಂದಿ."

"ಹೌದು. ನಾನ ಅಂದೆ."

ಅಕ್ಕ ವಾದ ಮಾಡಿದ್ದರೆ ದಾನೇಶ್ವರಿಗೆ ಇನ್ನಷ್ಟು ಬೈಯಲು ಆಗುತ್ತಿತ್ತೇನೋ. ಅವಳು ಕೋಣೆಯ ಸುತ್ತ ನೋಡಿದಳು. ಇನ್‌ಕ್ಯುಬೇಟರಿನ ಗಾಜಿನ ಬಾಗಿಲಿನ ಹಿಂದೆ ತಟ್ಟೆಗಳು ಒಂದರ ಮೇಲೊಂದಿದ್ದವು.

"ನಂದು ಇದರಾಗ ಯಾವುದು? ತೋರಸು."

ನೀಲಾಂಬಿಕಾ ಹದಿನೇಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ದಾನೇಶ್ವರಿ ಬಗ್ಗಿ ನೋಡಿದಳು. ಮಣಿಯೊಳಗೆ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ದಾಳಿಂಬೆಯ ಬೀಜಗಳ ಹಾಗೆ ತುಂಬಿದ್ದವು. ಅವಳು ಕಣ್ಣು ತೆಗೆಯದೆಯೇ ಕೇಳಿದಳು.

"ಇವಕ್ಕ ಜೀವ ಐತೇನು?"

"ಐತಿ. ಉಣ್ತಾವ, ಉಸಿರಾಡ್ತಾವ. ಕರದ್ರ ಅಷ್ಟ ಕೇಳೂದಿಲ್ಲ."

"ಎಬ್ಬಸಾಕ ಬರೂದಿಲ್ಲೇನು?"

"ಒಂದು ವಾರದಿಂದ ಅದನ್ನ ಮಾಡಾಕತ್ತೀನಿ. ಏನೇನೋ ಹಾಕಿ ನೋಡಿದೆ. ಇಲ್ಲಿತನಕ ಯಾವುದಕ್ಕೂ ಎದ್ದಿಲ್ಲ." ಅವಳು ತಡೆದು ಹೇಳಿದಳು, "ಬ್ಯಾರೆಯವ್ರ ಅಂಡ ತಗೊಂಡು ಮಾಡಾಕ ಬರತೈತಿ. ಗರ್ಭಕೋಶ ಛಲೋ ಐತಿ ನಿಂದು. ಹೊರಗಿಂದ ಹಾರ್ಮೋನು ಕೊಟ್ಟು..."

"ಈಗ ಬ್ಯಾಡ," ಎಂದಳು ದಾನೇಶ್ವರಿ. ನೆಟ್ಟಗೆ ನಿಂತು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ನಂದು ಮೂರರ ಟ್ರಿಪ್ ಐತಿ," ಎಂದು ಹೊರಟುಹೋದಳು.

ಅದಾದ ಮೇಲೆ ಎರಡು ತಿಂಗಳು ಅವಳು ಅಕ್ಕನ ಫೋನೆತ್ತಲಿಲ್ಲ. ನಲವತ್ತೂ ಮಂದಿಯ ರಕ್ತ ತರಿಸುವ ಕೆಲಸ ಅರ್ಧವಾಗಿತ್ತು. ಬಂದ ಇಪ್ಪತ್ತೆರಡು ವರದಿಗಳ ಪೈಕಿ ಹದಿನೆಂಟು, ತಟ್ಟೆಗಳು ಹೇಳಿದ್ದನ್ನೇ ಹೇಳಿದವು. ಡಾಕ್ಟರ್ ಮುನವಳ್ಳಿ ತಾವೇ ಪತ್ರಿಕೆಯವರನ್ನು ಕರೆದು ವಿಷಯ ತಿಳಿಸಿದರು, ಮರುದಿನದಿಂದ ಕೇಂದ್ರದ ಮುಂದೆ ಪೊಲೀಸರು ನಿಂತರು. ವಿಚಾರಣೆಯ ಸಮಿತಿ ಬಂತು. ಮಣಿಗಳ ಬಗ್ಗೆ ಹತ್ತಾರು ಕಡೆಯಿಂದ ವಿಜ್ಞಾನಿಗಳು ಬರೆದು ಕೇಳಿದರು, ಕೆಲವರು ಹೊಗಳಿದರು. ಆ ಹೊಗಳಿಕೆಯ ಪತ್ರಗಳನ್ನು ನೀಲಾಂಬಿಕಾ ಪೂರ್ತಿ ಓದಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು, ಮೂವತ್ತೊಂದು ತಟ್ಟೆಗಳಿಗೆ ಆಹಾರ ಬದಲಿಸಿ, ಹೊಸದೊಂದು ರಾಸಾಯನಿಕ ಹಾಕಿ, ಸಂಜೆ ಅಂಕಿ ನೋಡಿ ಮನೆಗೆ ಹೋಗುತ್ತಿದ್ದಳು. ಅಂಕಿ ಏರಲಿಲ್ಲ.

ಒಂದು ಭಾನುವಾರ ಎಲುಬು ಸವೆಯದಂತೆ ಹಚ್ಚಿಕೊಳ್ಳುವ ಹಾರ್ಮೋನಿನ ಪಟ್ಟಿಗಳನ್ನು ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ರತ್ನವ್ವ ಹೊಸ್ತಿಲಲ್ಲೇ ನಿಂತು ಪೊಟ್ಟಣ ಇಸಕೊಂಡಳು. ಎಂದೂ ಇಲ್ಲದಂತೆ ಆಕೆ ಒಳಗೆ ಬಾ ಎನ್ನಲಿಲ್ಲ.

"ವಾರಕ್ಕ ಎರಡು, ಹೊಟ್ಟಿ ಕೆಳಗ ಹಚ್ಚಬೇಕ್ರಿ. ಐವತ್ತು ಆಗೂತನಕ," ಎಂದಳು ನೀಲಾಂಬಿಕಾ.

"ಐವತ್ತು!" ರತ್ನವ್ವ ಪೊಟ್ಟಣವನ್ನು ತಿರುಗಿಸಿ ನೋಡಿದಳು. "ಆಕಿ ಅತ್ತು ಗೋಳಾಡಿದ್ರ ಛಲೋ ಇತ್ತು ನೀಲವ್ವ. ಒಂದ ದಿನಾನೂ ಅಳಲಿಲ್ಲ. ಏಳ್ತಾಳ, ಡ್ಯೂಟಿಗೆ ಹೊಕ್ಕಾಳ, ಬರ್ತಾಳ, ಮಕ್ಕೋತಾಳ. ವೀರೇಶ ಏನರ ಮಾತಾಡಿಸಿದ್ರ ಹೂಂ ಅಂತಾಳ. ತೊಟ್ಟಲಾ ನಾನ ಮತ್ತ ಮ್ಯಾಲ ಇಟ್ಟೆ. ಆಕಿ ನೋಡಿದ್ಲು, ಏನೂ ಅನಲಿಲ್ಲ." ಬಾಗಿಲು ಮುಚ್ಚುವ ಮೊದಲು, "ನಿಂದೊಬ್ಬಾಕಿದ ತಪ್ಪು ಅಂತ ನಾ ಅನ್ನೂದಿಲ್ಲ. ಆದ್ರ ಸದ್ಯಕ್ಕ ಬರಬ್ಯಾಡ," ಎಂದಳು.

ಮೊದಲ ತಂಡದ ನಲವತ್ತರಲ್ಲಿ ಉಳಿದ ಹದಿನೆಂಟು ಮಂದಿ ರಕ್ತ ಕೊಡಲು ಬಂದಿರಲಿಲ್ಲ. ಕೇಂದ್ರ ಅವರಿಗೆ ಪತ್ರ ಕಳಿಸಿತ್ತು. ವಕೀಲರು ತಿದ್ದಿದ ಪತ್ರ, ನಾಲ್ಕು ಪುಟ. ಅದನ್ನು ಓದಿ ತನಗೆ ಏನಾಗಿದೆಯೆಂದು ಯಾವ ಹೆಣ್ಣಿಗೂ ತಿಳಿಯುವ ಹಾಗಿರಲಿಲ್ಲ. ಇನ್ನು ತಾನೇ ಹೋಗಿ ಹೇಳಬೇಕು ಎಂದು ನೀಲಾಂಬಿಕಾ ನಿಶ್ಚಯಿಸಿದಳು. ಭಾನುವಾರಕ್ಕೆ ಒಂದು ಊರು. ಮೊದಲ ವಾರ ಕುಂದಗೋಳದಲ್ಲಿ ಒಬ್ಬಳು ಬಾಗಿಲು ತೆಗೆಯಲಿಲ್ಲ. ಎರಡನೆಯ ವಾರ ಶಿಗ್ಗಾವಿಯಲ್ಲಿ ಒಬ್ಬಳ ಗಂಡ ಬಸ್ ನಿಲ್ದಾಣದವರೆಗೂ ಬೈಯುತ್ತ ಹಿಂದೆ ಬಂದ.

ಮೂರನೆಯ ಭಾನುವಾರ ಅಣ್ಣಿಗೇರಿಯ ಬಸ್ಸಿಗೆ ಕಾಯುತ್ತಿದ್ದಾಗ ದಾನೇಶ್ವರಿ ಬಂದು ಪಕ್ಕದಲ್ಲಿ ನಿಂತಳು. ಖಾಕಿ ಇರಲಿಲ್ಲ, ಸಾದಾ ಸೀರೆ. ಸೊರಗಿಹೋಗಿದ್ದಳು.

"ಶಿಗ್ಗಾವಿಯಾಕಿ ನನ್ನ ಜೋಡಿನ ಸೂಜಿ ತಗೊಂಡಾಕಿ. ಆಕಿ ಗಂಡ ನಮ್ಮ ಡಿಪೋಕ್ಕ ಫೋನ್ ಮಾಡಿದ್ದ, ನಿಮ್ಮ ಅಕ್ಕ ಬಂದಿದ್ಲು ಅಂತ," ಎಂದಳು. "ನೀ ಹೇಳೂದು ಅವ್ರಿಗೆ ತಿಳಿಯೂದಿಲ್ಲ. ಗ್ರಾಹಕ, ಜೀನು ಅಂತ ಹೇಳ್ತಿ. ನಾ ಬರ್ತೀನಿ."

ದಾನೇಶ್ವರಿ ಕಿಟಕಿಯ ಬಳಿ ಕೂತಿದ್ದಳು. ಕಂಡಕ್ಟರ್ ಬಂದಾಗ ಪಾಸ್ ತೋರಿಸಿದಳು, ಅಕ್ಕನಿಗೊಂದು ಟಿಕೆಟ್ ತೆಗೆಸಿದಳು. ನವಲಗುಂದದ ಕಡೆಯ ಕರಿಮಣ್ಣಿನ ಹೊಲಗಳಲ್ಲಿ ಕಡಲೆ ಕೀಳುತ್ತಿದ್ದರು.

ಅಣ್ಣಿಗೇರಿಯಲ್ಲಿ ಅವರು ಹುಡುಕಿಕೊಂಡು ಹೋಗಿದ್ದು ಮಾಬೂಬಿಯ ಮನೆ. ಇಪ್ಪತ್ತೊಂಬತ್ತರ ಮಾಬೂಬಿ ಸಂತೆಗಳಲ್ಲಿ ಬಳೆ ಮಾರುವವಳು. ಜಗುಲಿಯಲ್ಲಿ ಬಳೆಯ ಡಬ್ಬಿಗಳನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದಳು. ಪಕ್ಕದಲ್ಲಿ ಎರಡು ವರ್ಷದ ಒಂದು ಹೆಣ್ಣುಕೂಸು ಒಡೆದ ಬಳೆಚೂರುಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿತ್ತು. ಮಾಬೂಬಿ ಚಾಪೆ ಹಾಕಿ, ನೀರು ಕೊಟ್ಟಳು. ಪತ್ರ ಬಂದಿತ್ತು, ಓದಿಸಿರಲಿಲ್ಲ.

ಹೇಳಿದವಳು ದಾನೇಶ್ವರಿಯೇ. ತನ್ನದನ್ನೇ ಹೇಳಿದಳು. ಬಸ್ಸಿನಲ್ಲಿ ಮೈ ಧಗ್ ಎಂದದ್ದು, ಎರಡು ತಿಂಗಳು ನಿಂತಾಗ ಬಸಿರು ಎಂದುಕೊಂಡಿದ್ದು, ಆಮೇಲೆ ಗೊತ್ತಾದದ್ದು. ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ನೀಲಾಂಬಿಕಾ ಇದನ್ನು ತಂಗಿಯ ಬಾಯಿಂದ ಕೇಳುತ್ತಿದ್ದುದು ಇದೇ ಮೊದಲು. ಅವಳು ಚಾಪೆಯ ಅಂಚನ್ನು ನೋಡುತ್ತ ಕೂತಿದ್ದಳು.

"ನಂದೂ ದಸರಾದಿಂದ ನಿಂತೈತ್ರಿ," ಎಂದಳು ಮಾಬೂಬಿ. "ತಿರುಗಾಟ ಭಾಳ ಆತು, ಅದಕ್ಕ ಹಿಂಗ ಅಂದ್ಕೊಂಡಿದ್ದೆ." ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು. "ಹೋಗಲಿ ಬಿಡ್ರಿ. ನನಗ ಜೈನಬ್ ಅದಾಳ. ಇಲ್ಲದವ್ರ ಮುಂದ ನಂದೇನ ದೊಡ್ಡದು."

ಹಾಗೆಂದವಳು ಕೂಸಿನ ಕಡೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು. ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು.

"ಡಾಕ್ಟರಬಾಯಿ, ಸೂಜಿ ತಗೊಂಡ ಹದಿನೈದ ದಿನಕ್ಕ ಈಕಿ ಹೊಟ್ಯಾಗ ಬಂದ್ಲು. ಮದ್ದು ಮೈಯಾಗ ನಲವತ್ತ ದಿನಾ ಇರತೈತಿ ಅಂತ ನೀವ ಹೇಳಿದ್ರಿ. ಹಂಗಾರ ಈಕಿಗೂ ಹೋಗೇತೇನ್ರಿ ಅದು?"

ನೀಲಾಂಬಿಕಾ ತಲೆ ಎತ್ತಿದಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಒಂದು ತಿಂಗಳಿನಿಂದ ಪ್ರಯೋಗಾಲಯದಲ್ಲಿ ಒಬ್ಬಳೇ ಇರುವಾಗ ಇದು ಬಂದು ಎದುರಿಗೆ ನಿಲ್ಲುತ್ತಿತ್ತು. ಹೆಣ್ಣುಕೂಸಿನ ಅಂಡಾಶಯ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಳ್ಳುತ್ತದೆ, ಜೀವಮಾನದ ಅಂಡಗಳೆಲ್ಲ ಆಗಲೇ ಸಿದ್ಧವಾಗಿರುತ್ತವೆ. ಮದ್ದು ಇಳಿಯುವ ಹೊತ್ತು ಯಾವುದು, ಆ ಕೋಶಗಳು ಮೂಡುವ ಹೊತ್ತು ಯಾವುದು, ಎರಡರ ನಡುವೆ ಅಂತರವಿತ್ತೇ, ಒಂದರ ಮೇಲೊಂದು ಬಿತ್ತೇ, ಯಾರೂ ನೋಡಿರಲಿಲ್ಲ. ಎರಡು ವರ್ಷದ ಕೂಸಿನಿಂದ ಆ ಕೋಶ ತೆಗೆಯುವ ಹಾಗಿಲ್ಲ. ಹಾಗೆ ಹುಟ್ಟಿದ ಹೆಣ್ಣುಮಕ್ಕಳು ಮೂರು ಸಾವಿರದ ಮೇಲಿದ್ದರು.

ಇಲ್ಲ ಎಂದುಬಿಡಬಹುದಾಗಿತ್ತು. ಜಗುಲಿಯ ಮೇಲೆ ಆ ಒಂದು ಮಾತಿಗೆ ಮಾಬೂಬಿ ಉಸಿರು ಹಿಡಿದು ಕಾಯುತ್ತಿದ್ದಳು. ಹಿಂದೊಮ್ಮೆ ನೀಲಾಂಬಿಕಾ ಹಾಗೆ ಧೈರ್ಯವಾಗಿ ಒಂದು ಮಾತು ಹೇಳಿದ್ದಳು, ಅದನ್ನು ಕೇಳಿದವಳು ಪಕ್ಕದಲ್ಲೇ ಕೂತಿದ್ದಳು.

"ಗೊತ್ತಿಲ್ಲರಿ," ಎಂದಳು.

"ಯಾವಾಗ ಗೊತ್ತಾಗತೈತಿ?"

"ಈಕಿ ದೊಡ್ಡಾಕಿ ಆಗೂ ಹೊತ್ತಿಗೆ. ಇನ್ನ ಹತ್ತು ಹನ್ನೊಂದ ವರ್ಷ."

ಮಾಬೂಬಿ ಕೂಸನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅದು ಬಿಡಿಸಿಕೊಂಡು ಇಳಿಯಲು ನೋಡಿತು, ಅವಳು ಬಿಡಲಿಲ್ಲ. "ಹತ್ತು ವರ್ಷ ನಾ ಹೆಂಗ ನೋಡಲಿ ಈಕಿ ಮಾರಿ?" ಎಂದಳು. ಅಳಲಿಲ್ಲ. ಸಂತೆಯಲ್ಲಿ ಗಿರಾಕಿಯೊಡನೆ ಮಾತು ಪಕ್ಕಾ ಮಾಡಿಕೊಳ್ಳುವವಳ ಹಾಗೆ ಗಟ್ಟಿಯಾಗಿ ಕೇಳಿದಳು, "ನೀವು ಪತ್ರ ಕಳಸಬ್ಯಾಡ್ರಿ. ನನಗ ಓದಾಕ ಬರೂದಿಲ್ಲ. ವರ್ಷಕ್ಕೊಂದ ಸಲ ನೀವ ಬರ್ರಿ. ಇದ್ದದ್ದು ಇದ್ದಂಗ ನನ್ನ ಮುಂದ ಕುಂತು ಹೇಳ್ರಿ. ಬರ್ತೀರೇನು?"

ನೀಲಾಂಬಿಕಾ ಬಾಯಿ ತೆರೆದಳು. ಹತ್ತು ವರ್ಷದ ಮಾತು. ಕೇಂದ್ರ ಆವರೆಗೆ ಇರುತ್ತದೋ ಇಲ್ಲವೋ, ತಾನು ಜೈಲಿನಲ್ಲಿರುತ್ತೇನೋ ಹೊರಗಿರುತ್ತೇನೋ ಅವಳಿಗೆ ತಿಳಿದಿರಲಿಲ್ಲ. ಅವಳು ಮಾತು ಹುಡುಕುತ್ತಿರುವಾಗ ಪಕ್ಕದಿಂದ ದಾನೇಶ್ವರಿ ಹೇಳಿದಳು.

"ಬರ್ತೀವಿ."